ಅರಸನ ಮೊದಲ ಮಾತು

ಹಿರಿಯಬೀಡಿನ ರಾಜಬೀದಿಯಲ್ಲಿ ಅಂದು ಕಾಲಿಡಲು ಎಡೆಯಿರಲಿಲ್ಲ. ಮೂಡಣ ಹೆಬ್ಬಾಗಿಲಿನಿಂದ ಅರಮನೆಯ ಮೊಗಸಾಲೆಯವರೆಗೆ ಮಾವಿನ ತಳಿರೂ ಬಾಳೆಯ ಕಂದುಗಳೂ ತೂಗಾಡುತ್ತಿದ್ದವು. ವರ್ಷಗಳಿಂದ ಯುದ್ಧದ ಸುಂಕ ತೆತ್ತು ಸೊರಗಿದ್ದ ವರ್ತಕರು ಅಂಗಡಿಗಳ ಮುಂದೆ ಸಾರಣೆ ಮಾಡಿಸಿ ರಂಗವಲ್ಲಿ ಇಡಿಸಿದ್ದರು. ಹೂವಾಡಗಿತ್ತಿಯರ ಬುಟ್ಟಿಗಳು ಬಿಸಿಲೇರುವ ಮೊದಲೇ ಬರಿದಾಗಿದ್ದವು. ತೆಂಕನಾಡಿನ ಸಾಮಂತರಾದ ಮನ್ನೆಯರೊಡನೆ ಸಂಧಿಯಾಗುತ್ತದೆ, ಗಂಡುಮಕ್ಕಳು ಮನೆಗೆ ಮರಳುತ್ತಾರೆ ಎಂಬ ಸುದ್ದಿ ಬಾಯಿಂದ ಬಾಯಿಗೆ ಹರಿದು, ಅಪರಿಚಿತರೂ ಒಬ್ಬರನ್ನೊಬ್ಬರು ನಿಲ್ಲಿಸಿ ನಗುತ್ತಿದ್ದರು.

ಈ ಸಂಭ್ರಮದ ನಡುವೆ ಹುಬ್ಬು ಗಂಟಿಕ್ಕಿಕೊಂಡು ಪಲ್ಲಕ್ಕಿಯಲ್ಲಿ ಕುಳಿತಿದ್ದವನು ಒಬ್ಬನೇ, ಸಂಧಿವಿಗ್ರಹಿ ಮಾಚಿಮಯ್ಯ. ಯುದ್ಧ ಶಾಂತಿಗಳ ಮಾತೆಲ್ಲ ಯಾವ ಮಂತ್ರಿಯ ಬಾಯಿಂದ ನಡೆಯಬೇಕೋ ಆ ಮಂತ್ರಿ ಅವನು. ಆದರೆ ಈ ಸಂಧಿಯ ಮಾತು ಅವನ ಬೆನ್ನ ಹಿಂದೆಯೇ ಮುಗಿದುಹೋಗಿತ್ತು. ಅದರಲ್ಲೊಂದು ವಾಕ್ಯವಿತ್ತು. ಯುದ್ಧಕಾಲದಲ್ಲಿ ನೀಲವೇಣಿ ನದಿಯನ್ನು ದಾಟಿ ಅರಸನ ಪಾಳೆಯವನ್ನು ಸೇರಿದ ತೊತ್ತಾಳುಗಳನ್ನೆಲ್ಲ, ಅವರ ಹೆಂಡಿರು ಮಕ್ಕಳ ಸಮೇತ, ಹಳೆಯ ಒಡೆಯರಿಗೆ ಮರಳಿ ಒಪ್ಪಿಸತಕ್ಕದ್ದು. ಆ ಜನಕ್ಕೆ ಅರಸನ ಹೆಸರಿನಲ್ಲಿ ಅಭಯ ಕೊಟ್ಟವನು ಇದೇ ಮಾಚಿಮಯ್ಯ. ಅವನಿಗೆ ಬೀದಿಯ ತೋರಣಗಳನ್ನೆಲ್ಲ ಕಿತ್ತು ಬಿಸಾಡಬೇಕೆನ್ನುವಷ್ಟು ರೋಷ ಬಂದಿತ್ತು.

ರೋಷ ಇತರರ ಮೇಲಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಈ ಬೆಂಕಿಗೆ ಸೌದೆ ಒಟ್ಟಿದವರಲ್ಲಿ ತಾನೂ ಒಬ್ಬನೆಂಬುದನ್ನು ಮಾಚಿಮಯ್ಯ ಬಲ್ಲ. ಬಡಗನಾಡು ಕರಿಮಣ್ಣಿನ ಸೀಮೆ. ಅಲ್ಲಿನ ಒಕ್ಕಲು ತನ್ನ ಹೊಲವನ್ನು ತಾನೇ ಉತ್ತು ಜೋಳ ಬೆಳೆದು ಉಣ್ಣುತ್ತಿತ್ತು. ತೆಂಕನಾಡು ಕಾಲುವೆಯ ಸೀಮೆ. ಅಲ್ಲಿ ಮನ್ನೆಯರ ಕಬ್ಬಿನ ತೋಟಗಳಲ್ಲಿ ದುಡಿಯುವವರೆಲ್ಲ ತೊತ್ತಾಳುಗಳು, ದನಗಳಂತೆ ಸಂತೆಯಲ್ಲಿ ಕೊಂಡು ತಂದವರು, ಮಗಳ ಬಳುವಳಿಗೆ ಹಸುವಿನೊಡನೆ ಕೊಟ್ಟು ಕಳಿಸುವಂಥವರು. ಹಿಂದಿನ ಅರಸರು ಪಡುವಣ ಸೀಮೆಯನ್ನು ಗೆದ್ದಾಗ, ಆ ಹೊಸ ನೆಲವನ್ನು ಯಾರು ಉಳಬೇಕು, ಒಕ್ಕಲೋ ತೊತ್ತೋ ಎಂಬ ವಿವಾದ ಹುಟ್ಟಿ ಆಸ್ಥಾನ ಎರಡಾಯಿತು. ಆಗಿನ್ನೂ ತರುಣನಾಗಿದ್ದ ಮಾಚಿಮಯ್ಯನೇ ನೀಲವೇಣಿಯನ್ನು ಗಡಿಯಾಗಿ ತೋರಿಸಿ, ನದಿಯ ತೆಂಕಣಕ್ಕೆ ತೊತ್ತುತನ ಇರಲಿ, ಬಡಗಣಕ್ಕೆ ಬೇಡ ಎಂದು ಎರಡೂ ಕಡೆಯವರನ್ನು ಒಪ್ಪಿಸಿದ. ಅವನ ಜಾಣತನವನ್ನು ಎಲ್ಲರೂ ಹೊಗಳಿದರು. ಒಡೆಯರ ಬಾರುಕೋಲಿಗೆ ಹೆದರಿದವರು ನದಿ ದಾಟಿ ಓಡಿಬರತೊಡಗಿದಾಗ ಮನ್ನೆಯರು ಕೂಗೆಬ್ಬಿಸಿದರು. ಮಾಚಿಮಯ್ಯ, ಓಡಿಬಂದವರನ್ನು ಹಿಡಿದು ಮರಳಿಸುವ ಕಟ್ಟಳೆಯನ್ನು ಮಾಡಿದ. ಮತ್ತೆ ಹೊಗಳಿಕೆ. ಹೀಗೆ ಒಂದೊಂದು ಸಲವೂ ಜಗಳವನ್ನು ಮುಗಿಸಿದೆನೆಂದು ಅವನು ಬೀಗಿದ. ಒಂದೊಂದು ಸಲವೂ ಅದು ಮೊದಲಿಗಿಂತ ದೊಡ್ಡದಾಗಿ ಬಾಗಿಲಿಗೆ ಬಂದು ನಿಂತಿತು.

ಹಿಂದಿನ ಅರಸರು ತೀರಿಕೊಂಡು ಕೀರ್ತಿದೇವನಿಗೆ ಪಟ್ಟವಾಯಿತು. ಹೊಸ ಅರಸ ಯುವರಾಜನಾಗಿದ್ದಾಗ, ತೊತ್ತುತನ ಇನ್ನು ಮುಂದೆ ಒಂದು ಗೇಣು ನೆಲಕ್ಕೂ ಹಬ್ಬಕೂಡದು ಎಂದು ಎಲ್ಲಿಯೋ ಆಡಿದ್ದನಂತೆ. ಮನ್ನೆಯರಿಗೆ ಅಷ್ಟೇ ಸಾಕಾಯಿತು. ಅಭಿಷೇಕದ ನೀರು ಆರುವ ಮೊದಲೇ ಅವರು ಕಪ್ಪವನ್ನು ನಿಲ್ಲಿಸಿ, ತೆಂಕನಾಡು ಬೇರೆ ರಾಜ್ಯವೆಂದು ಸಾರಿ, ನದಿ ದಾಟುವ ಕಡವಿನಲ್ಲಿದ್ದ ಅರಸನ ಕೋಟೆಗೆ ಬೆಂಕಿಯಿಟ್ಟರು.

ಯುದ್ಧವೇನೋ ಆರಂಭವಾಯಿತು, ನಡೆಸುವವರು ಬೇಕಲ್ಲ? ದಂಡನಾಯಕ ಗೋವಪಯ್ಯ ಮಳೆ ನಿಲ್ಲಲಿ ಎಂದ. ಮಳೆ ನಿಂತ ಮೇಲೆ ಕುದುರೆ ಸಾಲದು ಎಂದ. ಕುದುರೆ ಬಂದ ಮೇಲೆ ಮುಹೂರ್ತ ಸರಿಯಿಲ್ಲ ಎಂದ. ಅಷ್ಟರಲ್ಲಿ ಮನ್ನೆಯರು ಎರಡು ಕಾಳಗಗಳನ್ನು ಗೆದ್ದರು. ಅರಸನಾದರೂ, ಈ ಯುದ್ಧ ರಾಜ್ಯ ಒಡೆಯದಿರಲೆಂದು ಮಾತ್ರ, ತೊತ್ತುಗಳ ಗೊಡವೆ ನಮಗೆ ಬೇಡ ಎಂದು, ಪಾಳೆಯಕ್ಕೆ ಓಡಿಬಂದ ತೊತ್ತಾಳುಗಳನ್ನು ಒಡೆಯರಿಗೇ ಮರಳಿಸುತ್ತಿದ್ದ. ಮರಳಿ ಹೋದವರು ಶತ್ರುವಿಗೆ ಕೋಟೆ ಕಟ್ಟಿಕೊಡುತ್ತಿದ್ದರು, ದವಸ ಹೊರುತ್ತಿದ್ದರು. ಇದಕ್ಕಿಂತ ದೊಡ್ಡ ಮೂರ್ಖತನ ಇನ್ನೇನಿದೆ ಎಂದು ಮಾಚಿಮಯ್ಯ ತಲೆ ಚಚ್ಚಿಕೊಂಡು, ಕೊನೆಗೆ ಅರಸನ ಕಾಲು ಹಿಡಿದು ಒಂದು ಆಜ್ಞೆಯನ್ನು ಪಡೆದ. ನದಿ ದಾಟಿ ಬಂದು ಅರಸನ ಪರವಾಗಿ ಆಯುಧ ಹಿಡಿದವನು ಅಂದಿನಿಂದ ಸ್ವತಂತ್ರ. ಅವನ ಹೆಂಡತಿ ಮಕ್ಕಳೂ ಸ್ವತಂತ್ರರು. ನೀಲವೇಣಿಯ ದಡದಲ್ಲಿ ಡಂಗುರ ಹೊಡೆಸಿ, ಆಚೆ ದಡಕ್ಕೆ ಕೇಳುವಂತೆ, ಅವನೇ ನಿಂತು ಕೂಗಿ ಹೇಳಿದ. ಜನ ಸೋರೆಬುರುಡೆ ಕಟ್ಟಿಕೊಂಡು, ಬಾಳೆದಿಂಡಿನ ತೆಪ್ಪಗಳ ಮೇಲೆ, ಎಮ್ಮೆಗಳ ಬಾಲ ಹಿಡಿದು ಬಂದರು. ಬಂದವರು ಹೆಗ್ಗಡವು ಎಂಬಲ್ಲಿ ನದಿಯನ್ನು ಕಾದು, ಮನ್ನೆಯರ ದಂಡನ್ನು ಮತ್ತೆ ಮತ್ತೆ ಹಿಮ್ಮೆಟ್ಟಿಸಿದರು. ಕಡಿಯುವವರಿಲ್ಲದೆ ತೆಂಕನಾಡಿನ ಕಬ್ಬು ನಿಂತಲ್ಲೇ ಒಣಗಿತು. ಇನ್ನೊಂದು ಸುಗ್ಗಿಯವರೆಗೆ ಗಟ್ಟಿಯಾಗಿ ನಿಂತಿದ್ದರೆ ಯುದ್ಧ ಮುಗಿಯುತ್ತಿತ್ತು.

ಆಗ ಅಡ್ಡ ಬಂದವನು ಅರಸನ ಸೋದರಮಾವ, ಮಂಡಲೇಶ್ವರ ದುಗ್ಗರಸ. ಅವನ ಗಂಡುಮಕ್ಕಳು ತೆಂಕನಾಡಿನಲ್ಲಿ ಶತ್ರುಗಳೊಡನೆ ಕುದುರೆಯೇರಿದ್ದರು. ತಾನು ಮಾತ್ರ ಹಿರಿಯಬೀಡಿನಲ್ಲಿ ಅರಸನ ಬಲಗಡೆ ಕುಳಿತು ತಾಂಬೂಲ ಮೆಲ್ಲುತ್ತಿದ್ದ. ಯಾರು ಗೆದ್ದರೂ ಅವನ ಕಬ್ಬಿನ ತೋಟಕ್ಕೆ ಕೇಡಿಲ್ಲವೆಂಬ ಏರ್ಪಾಡು ಅದು. ತೊತ್ತಾಳುಗಳೇ ಬಿಟ್ಟುಹೋದ ಮೇಲೆ ಆ ಏರ್ಪಾಡು ಕೆಟ್ಟಿತು. ಅವನು ತಂಗಿಯಾದ ರಾಜಮಾತೆಯ ಅಂತಃಪುರದಲ್ಲಿ ಕುಳಿತು, ರಕ್ತಪಾತ ಸಾಕು ಎಂದು ಕಣ್ಣೀರು ಹಾಕಿದ, ರಾಜಮಾತೆ ಮಗನ ಮುಂದೆ ಕಣ್ಣೀರು ಹಾಕಿದಳು, ಸಂಧಿ ಸಿದ್ಧವಾಯಿತು.

ಅಂದು ಪಲ್ಲಕ್ಕಿಯಿಂದ ಇಳಿದು ಮಾಚಿಮಯ್ಯ ಸಭೆಯನ್ನು ಪ್ರವೇಶಿಸಿದಾಗ ಚರ್ಚೆಗೆ ಏನೂ ಉಳಿದಿರಲಿಲ್ಲ. ಆದರೂ ಅವನು ವಾದಿಸಿದ. ಗೆಲ್ಲುವ ಯುದ್ಧವನ್ನು ಬಿಟ್ಟುಕೊಡಬಾರದೆಂದ. ಕೊಟ್ಟ ಅಭಯವನ್ನು ಗಾಳಿಗೆ ತೂರಿದ ಅರಸನನ್ನು ನಾಳೆ ಯಾರೂ ನಂಬರೆಂದ. ಸಭಿಕರು ತಲೆದೂಗಿದರು, ತಲೆದೂಗುವುದು ಅವರ ಅಭ್ಯಾಸ. ಗೋವಪಯ್ಯ ಕಿಟಕಿಯಾಚೆ ನೋಡುತ್ತಿದ್ದ. ದುಗ್ಗರಸ ಮಾತ್ರ ಮೃದುವಾಗಿ ಬಾಯಿ ತೆರೆದ.

“ಅಮಾತ್ಯರೆ, ಉಂಡ ಜೋಳದ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸುವುದು ನಮ್ಮ ನಾಡಿನ ಧರ್ಮ. ಅದಕ್ಕೆ ಜೋಳವಾಳಿಯೆಂದು ಹೆಸರು. ತೊತ್ತು ಒಡೆಯನ ಅನ್ನವನ್ನು ಉಂಡವನು. ಅವನಿಗೆ ಓಡಿಹೋಗಲು ನೀವು ಕಲಿಸಿದಿರಿ. ನೀವಾದರೂ ಅರಸರ ಜೋಳವನ್ನು ಉಂಡವರೇ ಅಲ್ಲವೆ?”

“ಉಂಡಿದ್ದೇನೆ, ಮಂಡಲೇಶ್ವರರೆ,” ಎಂದ ಮಾಚಿಮಯ್ಯ. “ನಾನಾಗಿ ಬಂದು ಬೇಡಿ ಉಂಡೆ. ಒಲ್ಲೆನಾದರೆ ಎದ್ದುಹೋಗಬಲ್ಲೆ. ಎದ್ದುಹೋದರೆ ಬೆನ್ನು ಸುಲಿಯುವ ಮನೆಯಲ್ಲಿ ಉಂಡದ್ದು ಋಣವಾಗುವುದಿಲ್ಲ. ಅಲ್ಲದೆ ತೆಂಕನಾಡಿನ ಗದ್ದೆಯಲ್ಲಿ ನಾಟಿ ಮಾಡಿದವರು ಯಾರು? ಕೊಯ್ದವರು ಯಾರು? ಆ ನಾಡಿನಲ್ಲಿ ಒಬ್ಬರ ಅನ್ನವನ್ನು ಇನ್ನೊಬ್ಬರು ಉಂಡಿರುವುದು ನಿಜ. ಯಾರದನ್ನು ಯಾರು ಉಂಡರೆಂಬುದನ್ನು ತಾವು ತಿರುಗಿಸಿ ಹೇಳುತ್ತಿದ್ದೀರಿ.”

ಕಿಟಕಿಯಾಚೆ ನೋಡುತ್ತಿದ್ದ ಗೋವಪಯ್ಯನೂ ಇತ್ತ ತಿರುಗಿದ. ಮಾತು ನಾಟಿತೆಂದು ಮಾಚಿಮಯ್ಯನಿಗೆ ಆಸೆ ಹುಟ್ಟಿತು. ಆದರೆ ಕೀರ್ತಿದೇವ ಅವನ ಮುಖವನ್ನು ನೋಡದೆ, ತನ್ನ ಉಂಗುರವನ್ನು ತಿರುಗಿಸುತ್ತ, ದಣಿದ ದನಿಯಲ್ಲಿ ತೀರ್ಪು ಹೇಳಿದ. ಹೆಗ್ಗಡವಿನ ಜನ ಬೇರೆ ಯಾರ ಮಾತಿಗೂ ಆಯುಧ ಕೆಳಗಿಡುವುದಿಲ್ಲವಾದ್ದರಿಂದ, ಮಾಚಿಮಯ್ಯನೇ ಹೋಗಿ ಆಯುಧ ಇಡಿಸಬೇಕು. “ನಾನು ಸೋತಿದ್ದೇನೆ, ಮಾಚಿಮಯ್ಯ,” ಎಂದು ಕೊನೆಗೆ ಅರಸ ತಗ್ಗಿದ ದನಿಯಲ್ಲಿ ಸೇರಿಸಿದ. “ಪ್ರತಿದಿನವೂ ವಿಧವೆಯರು ಬಾಗಿಲಿಗೆ ಬರುತ್ತಾರೆ. ಇದೊಂದನ್ನು ನನಗಾಗಿ ಮಾಡಿರಿ.”

ಅರಸ ಗದರಿದ್ದರೆ ಎದುರುತ್ತರ ಕೊಡಬಹುದಿತ್ತು. ಬೇಡಿದವನಿಗೆ ಏನೆನ್ನುವುದು? ಮಾಚಿಮಯ್ಯ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ, ನಮಸ್ಕರಿಸಿ ಹೊರಬಂದ.

ಮನೆಯಲ್ಲಿ ಹೆಂಡತಿ ಚಂದಲೆ ಬಡಿಸಿಟ್ಟ ರೊಟ್ಟಿ ತಣ್ಣಗಾಯಿತು. ಅವಳು ಒತ್ತಾಯಿಸಲಿಲ್ಲ. ಹೋಗದೆ ಇದ್ದರೆ ಏನಾಗುತ್ತದೆಂದು ಮಾತ್ರ ಕೇಳಿದಳು. ತಾನು ಹೋಗದಿದ್ದರೆ ಗೋವಪಯ್ಯನ ಕುದುರೆಗಳು ಹೋಗುತ್ತವೆ, ಏನೂ ತಿಳಿಯದ ಜನ ಬೆನ್ನ ಹಿಂದಿನಿಂದ ಇರಿತಕ್ಕೆ ಸಿಕ್ಕುತ್ತಾರೆ; ಹೋಗಿ ಆಯುಧ ಇಡಿಸಿದರೆ ಅವರ ಕೊರಳಿಗೆ ತಾನೇ ಹಗ್ಗ ಕಟ್ಟಿದಂತಾಗುತ್ತದೆ ಎಂದು ಮಾಚಿಮಯ್ಯ ವಿವರಿಸಿದ. ಮೂವತ್ತು ವರ್ಷ ಎರಡು ಕಡೆಯವರನ್ನೂ ಒಪ್ಪಿಸುವ ಮಾತು ಹುಡುಕಿಕೊಂಡೇ ಬದುಕಿದೆ, ಈಗ ಅಂಥ ಮಾತೇ ಇಲ್ಲ, ಎಂದು ತಟ್ಟೆಯನ್ನು ತಳ್ಳಿದ.

“ಹಾಗಾದರೆ ಹುಡುಕುವುದನ್ನು ಬಿಟ್ಟುಬಿಡಿ,” ಎಂದಳು ಚಂದಲೆ. “ನಿಮಗೆ ಯಾವುದು ನಿಜವೋ ಅದನ್ನು ಹೇಳಿ ಬನ್ನಿ.”

ಹೇಳಿ ಬರುವುದು ಸಾಧ್ಯವಿಲ್ಲ, ಹೇಳಬಹುದು ಅಷ್ಟೇ, ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಅವನ ಉತ್ತರೀಯವನ್ನು ಸರಿಮಾಡಿ ಬಾಗಿಲವರೆಗೆ ಬಂದಳು.

ಹೆಗ್ಗಡವಿನ ಪಾಳೆಯದಲ್ಲಿ ನಡುಹಗಲು. ಹೆಂಗಸರು ಅಂಬಲಿ ಕಾಸುತ್ತಿದ್ದರು. ಗಂಡಸರು ಸಾಣೆಕಲ್ಲಿನ ಸುತ್ತ ಕುಳಿತು ಭರ್ಜಿಗಳನ್ನು ಮಸೆಯುತ್ತಿದ್ದರು. ಸಂಧಿವಿಗ್ರಹಿಯ ಪಲ್ಲಕ್ಕಿಯನ್ನು ಕಂಡು ಜನ ಓಡಿಬಂದರು. ಅವನ ಹಿಂದೆ ಗೋವಪಯ್ಯನ ಕುದುರೆಯಾಳುಗಳು ಸಾಲುಗಟ್ಟಿ ಬಂದದ್ದನ್ನು ಕಂಡು ಅಷ್ಟೇ ಬೇಗ ನಿಂತರು. ಆ ಗುಂಪಿನಿಂದ ಅವರ ನಾಯಕ ಬೀರ ಮುಂದೆ ಬಂದ. ಅವನ ಬಲಗಿವಿಯ ತುದಿ ಇರಲಿಲ್ಲ; ಓಡಿಹೋಗಿ ಸಿಕ್ಕಿಬಿದ್ದ ತೊತ್ತಿಗೆ ತೆಂಕನಾಡಿನಲ್ಲಿ ಹಾಗೆ ಗುರುತು ಮಾಡುತ್ತಿದ್ದರು.

“ಅಯ್ಯಾ, ನಿಮಗೆ ನೆಪ್ಪಿರಾಕಿಲ್ಲ,” ಎಂದ ಬೀರ. “ನಾನು ಹುಡುಗ ಇದ್ದಾಗ ಒಂದಪ ಹೊಳೆ ದಾಟಿ ಬಂದಿದ್ದೆ. ನಿಮ್ಮ ಕಟ್ಟಳೆ ಅಂತ ಹೇಳಿ ಹಿಡ್ಕೊಟ್ರು. ಆಮ್ಯಾಕೆ ನೀವೇ ದಡದಾಗೆ ನಿಂತು ಬಾ ಅಂತ ಕೂಗಿದ್ರಿ, ನಂಬಿ ಬಂದೆ. ಈಗ ಕುದುರೆ ತಂದಿದೀರಿ. ಈ ಸಲಾನೂ ನೀವೇ ಕಳಿಸ್ಕೊಡ್ತೀರಾ?”

ಆ ದನಿಯಲ್ಲಿ ಸಿಟ್ಟಿರಲಿಲ್ಲ; ಉತ್ತರ ಬೇಕಾಗಿತ್ತು, ಅಷ್ಟೇ. ಮಾಚಿಮಯ್ಯ ಆಸ್ಥಾನದಲ್ಲಿ ಇಷ್ಟು ವರ್ಷ ಎಷ್ಟೋ ಮಾತಾಡಿದ್ದ. ತನ್ನ ಕಟ್ಟಳೆಯ ಮುಖವನ್ನು ಅವನು ಎದುರಿಗೆ ಕಂಡದ್ದು ಇದೇ ಮೊದಲು. ಜೊತೆಗೆ ಬಂದಿದ್ದ ಡಂಗುರದವನಿಗೆ ಹೊಡೆಯಲು ಸನ್ನೆ ಮಾಡಿ, ಪಲ್ಲಕ್ಕಿಯಿಂದಿಳಿದು, ನೆಲದ ಮೇಲೆ ನಿಂತೇ ದನಿಯೆತ್ತಿದ.

“ಕೇಳಿರಿ. ಆಯುಧ ಇಟ್ಟು ಹಳೆಯ ಒಡೆಯರ ಬಳಿಗೆ ಹೋಗಿರೆಂದು ನಿಮಗೆ ಹೇಳಲು ನನ್ನನ್ನು ಕಳಿಸಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಈ ದಡದಲ್ಲಿ ನಿಂತು ನಾನು ಮೊದಲು ಸಾರಿದ್ದೇ ಅರಸರ ಮಾತು. ಈಗಿನದು ಅವರ ಬಾಯಲ್ಲಿ ಇತರರು ಆಡಿಸಿದ್ದು. ನೀವು ಸ್ವತಂತ್ರರು. ಯಾರು ಬಂದು ಕೇಳಿದರೂ ಆಯುಧವನ್ನು ಕೊಡಬೇಡಿರಿ.”

ಕುದುರೆಯಾಳುಗಳ ಮುಖಂಡ ಅವನ ತೋಳನ್ನು ಹಿಡಿದ. ಒಮ್ಮೆಲೇ ನೂರಾರು ಭರ್ಜಿಗಳು ಮೇಲೆದ್ದವು. ಬೀರ ಎರಡೇ ಹೆಜ್ಜೆಯಲ್ಲಿ ಎದುರಾದ. ಮಾಚಿಮಯ್ಯ ಬಿಡಿಸಿಕೊಳ್ಳುವ ಯತ್ನವನ್ನೇ ಮಾಡಲಿಲ್ಲ. ಬೀರನ ಕಡೆಗೆ ಕೈಯೆತ್ತಿ ತಡೆದು, ಅರಸನ ಕುದುರೆಯಾಳಿನ ಮೇಲೆ ಒಂದು ಏಟು ಬಿದ್ದರೂ ನಿಮ್ಮನ್ನು ರಾಜದ್ರೋಹಿಗಳೆಂದು ಸಾರುತ್ತಾರೆ, ದುಗ್ಗರಸ ಕಾದಿರುವುದೇ ಅದಕ್ಕೆ, ನನ್ನನ್ನು ಬಿಟ್ಟು ಕಡವನ್ನು ಕಾಯಿರಿ, ಎಂದ. ಭರ್ಜಿಗಳು ಒಂದೊಂದಾಗಿ ಕೆಳಗಿಳಿದವು. ಬೀರ ಹಲ್ಲು ಕಚ್ಚಿ ಅಳುತ್ತಿದ್ದ.

ಸ್ವಾಮಿದ್ರೋಹದ ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ಯುದ್ಧಕ್ಕೆ ಬಾರದ ಚುರುಕು ಆಸ್ಥಾನಕ್ಕೆ ಅಂದು ಬಂದಿತ್ತು. ತಪ್ಪಾಯಿತೆಂದು ಒಂದು ಮಾತು ಹೇಳಿದರೆ ಪ್ರಾಣ ಉಳಿಸುವೆನೆಂದು ಅರಸ ಎರಡು ಸಲ ಹೇಳಿಕಳಿಸಿದ. ತಪ್ಪು ಮಾಡಿದ್ದು ನಿಜ, ಆದರೆ ಅದು ಮೂವತ್ತು ವರ್ಷದ ಹಿಂದೆ, ಎಂದು ಮಾಚಿಮಯ್ಯ ಉತ್ತರ ಕೊಟ್ಟ. ವಧೆಯ ಬೆಳಗ್ಗೆ ಕೋಟೆಯ ಹೊರಗೆ ನೆರೆದ ಜನ, ಅರಸ ಕೊನೆಯ ಗಳಿಗೆಯಲ್ಲಾದರೂ ತಡೆದಾನೆಂದು ಅರಮನೆಯ ಹಾದಿಯನ್ನೇ ನೋಡುತ್ತಿದ್ದರು. ಯಾರೂ ಬರಲಿಲ್ಲ. ಎಲ್ಲವನ್ನೂ ತಡವಾಗಿ ಮಾಡುವುದು ಕೀರ್ತಿದೇವನ ದೋಷ, ಪಶ್ಚಾತ್ತಾಪ ಪಡುವುದಕ್ಕೂ ತಡವಾಯಿತು.

ಭರ್ಜಿ ಹಿಡಿದು ಎಚ್ಚರವಾಗಿ ನಿಂತ ಹೆಗ್ಗಡವಿನ ಜನರ ಮೇಲೆ ಏರಿಹೋಗಲು ಗೋವಪಯ್ಯ ಮತ್ತೆ ಮುಹೂರ್ತದ ನೆಪ ಹೇಳಿದ. ತೊತ್ತಾಳುಗಳು ಕೈಗೆ ಸಿಗದೆ ಮನ್ನೆಯರು ಸಂಧಿಯನ್ನು ಮುರಿದರು. ದುಗ್ಗರಸನ ಮಕ್ಕಳೇ ಮುಂದಾಗಿ ಹೆಗ್ಗಡವಿನ ಮೇಲೆ ಬಿದ್ದರು. ಬೀರನ ಜನ ಕಡವನ್ನು ಬಿಟ್ಟುಕೊಡಲಿಲ್ಲ. ನೀರು ಇಳಿದ ಮೇಲೆ ತಾವೇ ಆಚೆ ದಡಕ್ಕೆ ನುಗ್ಗಿದರು. ಸೆರೆಸಿಕ್ಕ ಮಕ್ಕಳ ಬಾಯಿಂದ ತಂದೆ ಎರಡು ದೋಣಿಯಲ್ಲಿ ಕಾಲಿಟ್ಟ ವ್ಯವಹಾರ ಬಯಲಾಗಿ, ದುಗ್ಗರಸ ತಲೆಮರೆಸಿಕೊಂಡ. ಮುಂದಿನ ಸುಗ್ಗಿಯ ಹೊತ್ತಿಗೆ ತೆಂಕನಾಡು ಶರಣಾಗಿ, ಇಡೀ ರಾಜ್ಯದಲ್ಲಿ ತೊತ್ತುತನ ಇಲ್ಲವೆಂದು ಡಂಗುರವಾಯಿತು. ಆಸ್ಥಾನಕವಿಗಳು ದಾಸ್ಯವಿಮೋಚಕನೆಂದು ಕೀರ್ತಿದೇವನನ್ನು ಹಾಡಿದರು. ತಲೆದೂಗುವವರಿಗೇನು ಕೊರತೆ?

ಅರಸನಿಗೆ ಮಾತ್ರ ನಿದ್ರೆ ಬರಲಿಲ್ಲ. ಒಂದು ದಿನ ಛತ್ರಚಾಮರಗಳಿಲ್ಲದೆ ಅವನು ಚಂದಲೆಯ ಮನೆಗೆ ಬಂದು ತಲೆತಗ್ಗಿಸಿ ನಿಂತ. ಮಾಚಿಮಯ್ಯನ ಹೆಸರಿನಲ್ಲಿ ಹೆಗ್ಗಡವಿನಲ್ಲಿ ಕಲ್ಲು ನಿಲ್ಲಿಸುವುದಾಗಿಯೂ, ಅರಸನ ಆಜ್ಞೆಯನ್ನು ಶಿರಸಾವಹಿಸಿ ಪ್ರಾಣ ಕೊಟ್ಟ ಸ್ವಾಮಿಭಕ್ತನೆಂದು ಅದರಲ್ಲಿ ಕೆತ್ತಿಸುವುದಾಗಿಯೂ, ಮನೆತನಕ್ಕೆ ಒಂದು ಅಗ್ರಹಾರವನ್ನು ಬಿಟ್ಟುಕೊಡುವುದಾಗಿಯೂ ತಡವರಿಸುತ್ತ ಹೇಳಿದ.

ಚಂದಲೆ ಅವನಿಗೆ ಮಣೆ ಹಾಕಿದಳು. ಅಗ್ರಹಾರ ತನಗೆ ಬೇಡವೆಂದಳು. ಆಮೇಲೆ ಕಲ್ಲಿನ ಮಾತೆತ್ತಿದಳು.

“ಪ್ರಭು, ನನ್ನ ಯಜಮಾನರು ತಮ್ಮ ಆಜ್ಞೆಯನ್ನು ಶಿರಸಾವಹಿಸಲಿಲ್ಲ, ಮೀರಿದರು. ಅದಕ್ಕೇ ತಾವು ಅವರನ್ನು ಕೊಲ್ಲಿಸಿದಿರಿ. ಕಲ್ಲು ನಿಲ್ಲಿಸುವುದಾದರೆ ಅದನ್ನು ಬರೆಸಿ. ಇಲ್ಲವಾದರೆ ಕಲ್ಲು ಬೇಡ.”

ಕೀರ್ತಿದೇವ ಎದ್ದುಹೋಗಿ ಶಿಲ್ಪಿಯನ್ನು ಕರೆಸಿದ. ಶಿಲ್ಪಿ ಅರಸನ ಅಪ್ಪಣೆಯನ್ನು ಕೇಳಿ, ತಾನು ತಪ್ಪಾಗಿ ತಿಳಿದೆನೇನೋ ಎಂದು ಮರಳಿ ಅರಮನೆಗೆ ಬಂದು ವಿಚಾರಿಸಿದನಂತೆ. ಅರಸ ಹೌದೆಂದ. ಹೆಗ್ಗಡವಿನಲ್ಲಿ ನಿಂತ ಕಲ್ಲಿನ ಮೇಲೆ ಹೀಗೆ ಕೆತ್ತಿದ್ದರು: ಕೀರ್ತಿದೇವ ಅರಸ ಕೊಟ್ಟ ಮಾತಿಗೆ ಕೀರ್ತಿದೇವ ಅರಸನೇ ತಪ್ಪಿದಾಗ ತಪ್ಪದೆ ನಿಂತು, ಆ ಅರಸನಿಂದಲೇ ಸತ್ತವನು ಮಾಚಿಮಯ್ಯ.