ಅಜ್ಜಾವರದ ಏಳನೇ ಸುರುಳಿ

1964ರ ಮಾರ್ಚ್ 11, ಬುಧವಾರ. ಬೆಳಿಗ್ಗೆ ಹತ್ತೂಕಾಲಿಗೆ ಇಬ್ಬರು ಯುವಕರು ಸುಳ್ಯ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಮುಂದೆ ಬಂದವನು ಕಾಣಿಯೂರಿನ ಮಹಾಗಣಪತಿ, ಘಟ್ಟದ ಮೇಲಿನ ವಿಶ್ವವಿದ್ಯಾಲಯವೊಂದರಲ್ಲಿ ಭಾಷಾಶಾಸ್ತ್ರ ಓದುತ್ತಿದ್ದವನು. ಹಿಂದೆ ಬಂದವನು ಅಜ್ಜಾವರದ ಶಾಲೆಯ ಮಾಸ್ತರ ಕಬೀರ್.

"ಸಾರ್, ಟೇಪ್ ರೆಕಾರ್ಡರ್ ಹೋಯ್ತು. ಸುರುಳಿಗಳೂ ಹೋದವು," ಎಂದ ಮಹಾಗಣಪತಿ.

ಸಬ್ ಇನ್‌ಸ್ಪೆಕ್ಟರ್ ಮಹಾಬಲ ರೈಗಳಿಗೆ ಆ ಯಂತ್ರದ ಗುರುತಿತ್ತು. ಕರಾವಳಿಯ ಬ್ಯಾರಿ ಮುಸ್ಲಿಮರ ಮಾತನ್ನು ಅಭ್ಯಾಸ ಮಾಡಲು ಹುಡುಗ ಅದನ್ನು ಹೆಗಲಿಗೆ ಹಾಕಿಕೊಂಡು ಊರೆಲ್ಲ ತಿರುಗುತ್ತಿದ್ದ. ಹತ್ತು ದಿನದ ಹಿಂದೆ ಪ್ರವಾಸಿ ಬಂಗಲೆಯಲ್ಲಿ ಅಧಿಕಾರಿಗಳನ್ನೂ ವ್ಯಾಪಾರಿಗಳನ್ನೂ ಸೇರಿಸಿ ಅದರಲ್ಲಿ ಹಿಡಿದ ಸ್ವರ ಕೇಳಿಸಿದ್ದ. ರೈಗಳೂ ಮುಂದಿನ ಕುರ್ಚಿಯಲ್ಲಿ ಕೂತು ಕೇಳಿದ್ದರು. ಬ್ಯಾಟರಿಯಿಂದ ನಡೆಯುವ ಜರ್ಮನಿಯ ಯಂತ್ರ. ವಿಭಾಗದ ಪ್ರಯೋಗಾಲಯದಲ್ಲಿ ಹೊರಗೆ ಒಯ್ಯಬಹುದಾದದ್ದು ಅದೊಂದೇ ಅಂತೆ. ವಿದ್ಯಾರ್ಥಿಗಳ ಕೈಗೆ ಕೊಡುವುದು ಬೇಡವೆಂದು ಪ್ರೊಫೆಸರರಲ್ಲೇ ಅರ್ಧ ಜನ ಹೇಳಿದ್ದರಂತೆ.

"ಇದು ಸಿಗದಿದ್ರೆ ನನ್ನ ಪ್ರಬಂಧ ಹೋಯ್ತು ಸಾರ್. ನನ್ನ ನಂತರ ಬರುವವರಿಗೂ ಮೆಷಿನ್ ಕೊಡ್ಲಿಕ್ಕಿಲ್ಲ."

"ಯಾವಾಗ ಹೋದದ್ದು?"

"ನಿನ್ನೆ ಸಂಜೆ. ಊಟಕ್ಕೆ ಹೋಟೆಲಿಗೆ ಹೋಗಿದ್ದೆ. ಬಂದು ನೋಡುವಾಗ ಇಲ್ಲ."

"ಬೀಗ?"

"ಹಾಕಿದ ಹಾಗೇ ಉಂಟು."

"ಬೀಗದ ಕೈ ಯಾರ ಹತ್ತಿರ ಉಂಟು?"

"ಒಂದು ನನ್ನಲ್ಲಿ. ಇನ್ನೊಂದು ಕಬೀರ್ ಹತ್ತಿರ. ಅವನ ಮೇಲೆ ಸಂಶಯ ಇಲ್ಲ ಸಾರ್. ಅವನಿಲ್ಲದಿದ್ರೆ ನನಗೆ ಒಂದು ಮನೆಯ ಬಾಗಿಲೂ ತೆರೀತಿರಲಿಲ್ಲ."

ಕಬೀರ್ ಕಿಸೆಯಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟ. ನಿನ್ನೆ ಸಂಜೆ ಎಲ್ಲಿದ್ದಿರಿ ಎಂದು ಕೇಳಿದ್ದಕ್ಕೆ "ಮನೆಯಲ್ಲಿ" ಎಂದ.

ಐಪಿಸಿ 380ರ ಕೆಳಗೆ ಎಫ್‌ಐಆರ್ ಆಯಿತು. ರೈಗಳು ಹೆಡ್ ಕಾನ್‌ಸ್ಟೇಬಲ್ ಹೈದರನನ್ನು ಕರೆದುಕೊಂಡು ಪೇಟೆಯ ಅಡಿಕೆ ಮಂಡಿಯ ಮಹಡಿಯಲ್ಲಿದ್ದ ಕೋಣೆಗೆ ಹೋಗಿ ಪಂಚನಾಮೆ ಬರೆಸಿದರು. ಕಿಟಕಿಯ ಸರಳು ಗಟ್ಟಿಯಾಗಿತ್ತು, ಹೆಂಚು ಸರಿದಿರಲಿಲ್ಲ. ಹಾಸಿಗೆಯ ಕೆಳಗೆ ಹುಡುಗನ ಕೈಗಡಿಯಾರ ಹಾಗೆಯೇ ಬಿದ್ದಿತ್ತು. ಕದಿಯಲೆಂದೇ ಬಂದವನು ಅದನ್ನು ಬಿಟ್ಟು ಹೋಗುವುದು ಹೇಗೆ? ಕೆಳಗಿನ ಕೂಲಿಗಳನ್ನು ಹಿಡಿದು ಕೇಳಬೇಕೆಂದು ಮಹಾಗಣಪತಿ ಎರಡೆರಡು ಸಲ ಹೇಳಿದ. ರೈಗಳು ಅವರನ್ನು ವಿಚಾರಿಸಿದರು, ಆದರೆ ಯಾರನ್ನೂ ಠಾಣೆಗೆ ಕರೆಸಲಿಲ್ಲ. ಯಂತ್ರದ ಗುರುತು ಬರೆದು ಪುತ್ತೂರು, ಕಡಬ ಠಾಣೆಗಳಿಗೆ ಕಳಿಸಿದರು.

ಶುಕ್ರವಾರ ಮಧ್ಯಾಹ್ನ ಪುತ್ತೂರಿನಿಂದ ಕರೆ ಬಂತು. ಘಟ್ಟದ ಬಸ್ಸಿಗೆ ಹಾಕಲೆಂದು ಯಾರೋ ಕೊಟ್ಟುಹೋದ ಪಾರ್ಸೆಲೊಂದು ಬಸ್ ಕಚೇರಿಯಲ್ಲಿ ಉಳಿದಿತ್ತು. ರೈಗಳು ಮಹಾಗಣಪತಿಯನ್ನೂ ಕರೆದುಕೊಂಡು ಹೋದರು.

"ಕಳಿಸುವವರ ಹೆಸರಿಲ್ಲ. ಹಾಗೆ ಬಸ್ಸಿಗೆ ಹಾಕುದು ಹೇಗೆ ಮಾರಾಯ್ರೆ?" ಎಂದ ಗುಮಾಸ್ತ. "ಅದಕ್ಕೆ ಹಿಡಿದಿಟ್ಟದ್ದು."

"ತಂದವರು ಯಾರು?"

"ಹೊರೆಯಾಳು. ಯಾರೋ ತಲೆಗೆ ಹೊರಿಸಿ ಕಳಿಸಿದ್ದು."

ಗೋಣಿಯ ಮೇಲೆ 'ಭಾಷಾಶಾಸ್ತ್ರ ವಿಭಾಗ' ಎಂದೂ ವಿಶ್ವವಿದ್ಯಾಲಯದ ವಿಳಾಸವೂ ಬರೆದಿತ್ತು. ಬಿಚ್ಚಿದರೆ ಒಳಗೆ ಯಂತ್ರ, ಹಳೆಯ ಸೀರೆಯ ತುಂಡಿನಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿತ್ತು. ಬ್ಯಾಟರಿಗಳನ್ನು ತೆಗೆದು ಬೇರೆ ಕಾಗದದಲ್ಲಿ ಕಟ್ಟಿದ್ದರು. ಸುರುಳಿಗಳ ಡಬ್ಬಿಗಳೂ ಇದ್ದವು.

ಮಹಾಗಣಪತಿ ಖುಷಿಯಿಂದ ಯಂತ್ರವನ್ನು ಸವರಿದ. ಡಬ್ಬಿಗಳನ್ನು ಎಣಿಸುತ್ತಾ ಹೋದವನ ಕೈ ನಡುವೆ ನಿಂತಿತು.

"ಏಳನೇದು ಇಲ್ಲ."

"ಅದರಲ್ಲಿ ಎಂತ ಇತ್ತು?"

"ಎಂತ ಇಲ್ಲ ಸಾರ್. ಒಬ್ಬರು ಹೆಂಗಸು ಮಾತಾಡಿದ್ದು. ಸಾಮಾನ್ಯ ಮಾತು."

"ಬ್ಯಾಟರಿ ಯಾಕೆ ಬೇರೆ ಕಟ್ಟಿದ್ದಾರೆ?"

"ಒಳಗೆ ಬಿಟ್ಟರೆ ಸೋರಿ ಮೆಷಿನ್ ಹಾಳಾಗ್ತದೆ. ಪ್ರಯೋಗಾಲಯದಲ್ಲಿ ಹಾಗೆ ಕಲಿಸಿದ್ದು."

"ಈ ಊರಲ್ಲಿ ಅದು ಯಾರಿಗೆ ಗೊತ್ತುಂಟು?"

ಹುಡುಗ ಬ್ಯಾಟರಿಯ ಕಟ್ಟನ್ನು ತಿರುಗಿಸಿ ನೋಡಿದ. ಆಮೇಲೆ ಗೋಣಿಯ ಮೇಲಿನ ಅಕ್ಷರ ನೋಡುತ್ತಾ, "ಕಬೀರ್‌ಗೆ ನಾನೇ ಕಲಿಸಿದ್ದು," ಎಂದ. ಮುಖ ಕೆಂಪೇರಿತು. "ನನ್ನ ಜತೆ ನಿಂತು ಕಂಪ್ಲೇಂಟ್ ಕೊಡಿಸಿದ ಸಾರ್! ಹೀಗೆ ಮೋಸ ಮಾಡ್ತಾನೆ ಅಂತ ಯಾರಿಗೆ ಗೊತ್ತು?"

ಸುಳ್ಯಕ್ಕೆ ಮರಳಿದ ಮೇಲೆ ರೈಗಳು ಹೈದರನನ್ನು ಒಳಗೆ ಕರೆದರು.

"ಏಳನೇ ಸುರುಳಿಯಲ್ಲಿ ಎಂತ ಇತ್ತು ಹೈದರ್? ನಿನಗೆ ಏನಾದರೂ ಗೊತ್ತುಂಟಾ?"

"ನೀವೂ ಕೇಳಿದ್ದೀರಿ ಸಾರ್," ಎಂದ ಹೈದರ್ ನೆಲ ನೋಡುತ್ತಾ. "ಬಂಗಲೆಯಲ್ಲಿ ಕೇಳಿಸಿದ್ದು ಅದನ್ನೇ. ನಾನು ಅರ್ಧದಲ್ಲಿ ಎದ್ದು ಹೊರಗೆ ಹೋದೆ."

ರೈಗಳಿಗೆ ನೆನಪಾಯಿತು. ಒಬ್ಬ ತಾಯಿ ಅಳುತ್ತಾ ಹೇಳಿದ ಮಾತು. ಮಹಾಗಣಪತಿ ಅದನ್ನು ಸಾಲುಸಾಲಾಗಿ ಕನ್ನಡಕ್ಕೆ ತಂದು ವಿವರಿಸಿದ್ದ. ಹಿಂದೊಮ್ಮೆ ಮಗಳು ಏಳು ವರ್ಷದವಳಿದ್ದಾಗ ಹೊಳೆಯ ಬದಿಯಲ್ಲಿ ಮೂರ್ಛೆ ಬಂದು ಬಿದ್ದದ್ದು, ಬಾಯಲ್ಲಿ ನೊರೆ ಕಂಡು ಮಗು ಸತ್ತೇಹೋಯಿತೆಂದು ತಾಯಿ ಕಿರುಚಿದ್ದು. ಹೆದರಿದ ಕತೆ ಹೇಳುವಾಗ ಜನ ಯಂತ್ರವನ್ನು ಮರೆತು ಸಹಜವಾಗಿ ಮಾತಾಡುತ್ತಾರೆ ಎಂದು ಹುಡುಗ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ರೈಗಳೂ ತಟ್ಟಿದ್ದರು.

"ಅದು ಅಜ್ಜಾವರದ ಜೈನಬಮ್ಮ. ಸುರುವಿಗೆ ಅವರ ಹೆಸರೂ ಹೇಳ್ತದೆ," ಎಂದ ಹೈದರ್. "ಮಗಳು ಮುನೀರಾಳಿಗೆ ಹಬ್ಬ ಕಳೆದು ನಿಕಾಹ್ ನಿಗದಿ ಆಗಿತ್ತು. ಮದುಮಗನ ಮಾವ ಬಂಗಲೆಯಲ್ಲಿ ಹಿಂದಿನ ಸಾಲಲ್ಲಿ ಕೂತಿದ್ದರು ಸಾರ್. ಮೂರ್ಛೆರೋಗದ ಹುಡುಗಿ ಬೇಡ ಅಂತ ಮಾರನೇ ದಿನವೇ ಮಾತು ಮುರಿಯಿತು."

ಶನಿವಾರ ಬೆಳಿಗ್ಗೆ ಇಬ್ಬರೂ ಅಜ್ಜಾವರಕ್ಕೆ ಹೋದರು. ಜೈನಬಮ್ಮ ಬಾಗಿಲನ್ನು ಅರ್ಧ ತೆರೆದು ಒಳಗಿನಿಂದಲೇ ಮಾತಾಡಿದರು. ಹೈದರ್ ಬ್ಯಾರಿಯಲ್ಲಿ ಕೇಳಿದರೂ ರೈಗಳಿಗೆ ತಿಳಿಯಲೆಂದು ಕನ್ನಡದಲ್ಲೇ ಉತ್ತರ ಕೊಟ್ಟರು.

"ನನ್ನ ಬಾಯಿಂದ ಇನ್ನೂ ಮಾತು ಬೇಕಾ ನಿಮಗೆ? ಇದನ್ನು ಎಲ್ಲಿ ಕೇಳಿಸ್ತೀರಿ?"

"ನಾವು ಮೆಷಿನ್ ತಂದಿಲ್ಲ ಅಮ್ಮ," ಎಂದರು ರೈಗಳು.

"ಮೆಷಿನ್ ತಂದ ಆ ಹುಡುಗನೂ ಹೀಗೇ ನಂಬಿಸಿದ್ದು. ದೊಡ್ಡ ಶಾಲೆಯ ಕಪಾಟಿನಲ್ಲಿ ಇಡ್ಲಿಕ್ಕೆ, ಈ ಊರಿನವರು ಯಾರೂ ಕೇಳ್ಲಿಕ್ಕಿಲ್ಲ ಅಂತ. ನಾನು ಒಪ್ಪಲಿಲ್ಲ. ನಮ್ಮ ಕಬೀರ್ ಹೇಳಿದ, 'ಮಾಮಿ, ನನ್ನ ಮೇಲೆ ನಂಬಿಕೆ ಉಂಟಲ್ಲ' ಅಂತ. ಅವನ ಮುಖ ನೋಡಿ ಹೇಳಿದ್ದು."

"ಕಬೀರ್ ಈಗ ಬರ್ತಾನಾ ಇಲ್ಲಿಗೆ?"

"ಬಂದಿದ್ದ. ಹೊರಗೆ ಹಾಕಿದೆ," ಎಂದು ಬಾಗಿಲು ಮುಚ್ಚಿದರು. ಮುಚ್ಚುವ ಮೊದಲು ಒಳಗೆ ಚಾಪೆಯ ಮೇಲೆ ಗೋಡೆಗೆ ಮುಖಮಾಡಿ ಕೂತ ಹುಡುಗಿಯ ಬೆನ್ನು ರೈಗಳಿಗೆ ಕಂಡಿತು.

ಶಾಲೆಯಲ್ಲಿ ಕಬೀರ್ ಹಲಗೆಯ ಮೇಲೆ ಲೆಕ್ಕ ಬಿಡಿಸುತ್ತಿದ್ದ. ಪೊಲೀಸರನ್ನು ಕಂಡವನೇ ಬಾಗಿಲಿಗೆ ಬಂದ.

"ಮಕ್ಕಳ ಎದುರು ಬೇಡ ಸಾರ್. ಈ ಲೆಕ್ಕ ಮುಗೀಲಿ."

ರೈಗಳು ಗಂಟೆ ಹೊಡೆಯುವವರೆಗೆ ಜಗಲಿಯಲ್ಲಿ ನಿಂತರು. ಮಕ್ಕಳು ಮನೆಗೆ ಹೋದ ಮೇಲೆ ಕಬೀರ್ ತಾನಾಗಿಯೇ ಕಪಾಟು ತೆರೆದು, ಸೀಮೆಸುಣ್ಣದ ಪೆಟ್ಟಿಗೆಗಳ ಹಿಂದಿನಿಂದ ಸುರುಳಿಯ ಡಬ್ಬಿ ತೆಗೆದ.

"ಇದನ್ನು ಸುಡದೆ ಯಾಕೆ ಇಟ್ಟುಕೊಂಡದ್ದು?"

"ಸುಡ್ಲಿಕ್ಕೇ ತಂದದ್ದು. ಮಾಮಿಯ ಅಳು ಉಂಟು ಇದರಲ್ಲಿ. ಕೈ ಬರಲಿಲ್ಲ."

"ಮೆಷಿನ್?"

"ಅದು ಕಾಲೇಜಿನದ್ದು. ಅದು ಎಂತ ತಪ್ಪು ಮಾಡಿದೆ?"

ಸಿಕ್ಕಿದ ಮಾಲು ಅದೇ ಎಂದು ಪಂಚರ ಎದುರು ಗುರುತಿಸಬೇಕಿತ್ತು. ಠಾಣೆಯಲ್ಲಿ ಮಹಾಗಣಪತಿ ಯಂತ್ರಕ್ಕೆ ಬ್ಯಾಟರಿ ಹಾಕಿ ಸುರುಳಿ ಏರಿಸಿದ. ಗುಂಡಿ ಒತ್ತುವ ಮೊದಲು ರೈಗಳು ಅವನ ಮಣಿಕಟ್ಟು ಹಿಡಿದರು.

"ನಿನ್ನ ಸ್ವರ ಮುಗಿದ ಕೂಡಲೇ ನಿಲ್ಲಿಸಬೇಕು. ಆ ಹೆಂಗಸಿನ ಒಂದು ಮಾತೂ ಇಲ್ಲಿ ಕೇಳಬಾರದು."

'ಏಳನೇ ಸುರುಳಿ. ಅಜ್ಜಾವರ. ಹೇಳುವವರು ಜೈನಬಮ್ಮ' ಎಂದಿತು ಯಂತ್ರ. ಮಹಾಗಣಪತಿ ನಿಲ್ಲಿಸಿದ. ಪಂಚರು ಸಹಿ ಹಾಕಿ ಹೊರಟುಹೋದರು.

ಮಹಾಗಣಪತಿ ಅಷ್ಟು ಹೊತ್ತು ತಡೆದುಕೊಂಡದ್ದನ್ನು ಕಬೀರ್‌ನ ಕಡೆ ತಿರುಗಿ ಕೇಳಿಯೇಬಿಟ್ಟ. "ನನ್ನ ಹತ್ತಿರ ಹೇಳಬಾರದಿತ್ತಾ ನೀನು? ಸ್ನೇಹಿತ ಅಂತ ನಂಬಿದ್ದೆನಲ್ಲ!"

ಕಬೀರ್ ರೈಗಳನ್ನು ನೋಡಿ ಹೇಳಿದ.

"ಹೇಳಿದ್ದೆ ಸಾರ್. ಕಳೆದ ಭಾನುವಾರ ಇವನ ಕೋಣೆಗೆ ಹೋಗಿ ಎಲ್ಲ ಹೇಳಿದೆ. ನಿಕಾಹ್ ಮುರಿದದ್ದು, ಮುನೀರಾ ಅನ್ನ ಬಿಟ್ಟದ್ದು. ಈ ಸುರುಳಿ ಅಳಿಸು ಅಂತ ಕೈ ಮುಗಿದೆ. ಅದು ಪ್ರಯೋಗಾಲಯದ ಸೊತ್ತು, ಅಳಿಸ್ಲಿಕ್ಕೆ ಆಗುದಿಲ್ಲ ಅಂದ. ಆಗಲಿ, ಅದನ್ನೂ ಸಹಿಸುತ್ತಿದ್ದೆ. ಆಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿ ಕೇಳಿದ, 'ಮಾಮಿ ನಿನ್ನನ್ನು ಹೊರಗೆ ಹಾಕುವಾಗ ಎಂತ ಹೇಳಿದ್ರು? ಅವರು ಹೇಳಿದ ಹಾಗೇ ಹೇಳು' ಅಂತ. ಸ್ನೇಹಿತ ಕೇಳಿದ್ದಲ್ವಾ, ಹೇಳಿದೆ. ಮಾಮಿ ಕೊಟ್ಟ ಶಾಪ ಎಲ್ಲ ಹೇಳಿದೆ. ಹೇಳ್ತಾ ಅತ್ತುಬಿಟ್ಟೆ. ಕಣ್ಣೊರೆಸಿ ನೋಡುವಾಗ ಮೇಜಿನ ಮೇಲೆ ಅದೇ ಸುರುಳಿ ಹಾಕಿ ಮೆಷಿನ್ ತಿರುಗ್ತಾ ಇತ್ತು."

ರೈಗಳು ಮಹಾಗಣಪತಿಯನ್ನು ನೋಡಿದರು. ಅವನು ತಲೆ ತಗ್ಗಿಸಿ, ತೀರಾ ಸಣ್ಣ ಸ್ವರದಲ್ಲಿ, "ಬ್ಯಾರಿಯ ಶಾಪದ ಮಾತು ಮೆಷಿನಿಗೆ ಬೇರೆ ಯಾರೂ ಹೇಳಿ ಕೊಟ್ಟಿರಲಿಲ್ಲ ಸಾರ್," ಎಂದ.

ಮಧ್ಯಾಹ್ನ ಎರಡೂವರೆಗೆ ಕಬೀರ್‌ನ ದಸ್ತಗಿರಿಯಾಯಿತು. ಅವನನ್ನು ಪುತ್ತೂರಿನ ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಲು ರೈಗಳೂ ಹೈದರನೂ ಬಸ್ಸು ಹತ್ತಿದರು. ಕೇಸು ಮುಗಿದ ಮೇಲೆ ಸುರುಳಿ ಫಿರ್ಯಾದಿಯ ಕೈಗೇ ಮರಳುತ್ತದೆಂದು ರೈಗಳಿಗೆ ಗೊತ್ತಿತ್ತು. ಕಬೀರ್ ಕೇಳದ ಕಾರಣ ಹೇಳಲು ಹೋಗಲಿಲ್ಲ.

ಬಸ್ಸು ಪೇಟೆ ದಾಟಿದ ಮೇಲೆ ಹೈದರ್ ಪಕ್ಕಕ್ಕೆ ಬಾಗಿ ಬ್ಯಾರಿಯಲ್ಲಿ ಏನೋ ಕೇಳಿದ. ಊಟ ಆಯಿತಾ ಎಂದೋ, ಮನೆಗೆ ಏನಾದರೂ ಹೇಳಬೇಕಾ ಎಂದೋ ಇರಬೇಕು. ಕಬೀರ್ ಉತ್ತರಿಸಲು ಬಾಯಿ ತೆರೆದ. ಹಿಂದೆ ಮುಂದೆ ಕೂತವರನ್ನೂ ಸೀಟಿನ ಕೆಳಗಿಟ್ಟ ಚೀಲಗಳನ್ನೂ, ಎಲ್ಲೋ ಮೆಷಿನ್ ತಿರುಗುತ್ತಿದೆಯೇನೋ ಎಂಬಂತೆ, ಒಮ್ಮೆ ನೋಡಿದ. ಆಮೇಲೆ ಇಲ್ಲವೆಂದು ತಲೆಯಾಡಿಸಿ, ಪುತ್ತೂರು ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತ.