ಏಳನೆಯ ವಾಸ್ತುಶಿಲ್ಪಿಯ ಹಣೆ

ಕೊಡೆಯ ಮೊನೆ ನೇರ ನನ್ನ ಗಂಟಲಿಗೆ ಗುರಿಯಿಟ್ಟಿತ್ತು!

ಆದರೆ ತಾಗುತ್ತಿರಲಿಲ್ಲ. ಹೂಕ್‌ಸ್ಟ್ರಾ ಸರಿಯಾಗಿ ಒಂದೂವರೆ ಮೀಟರ್ ದೂರದಲ್ಲಿ ನಿಂತಿದ್ದ. ಕೊರೊನಾ ಕಾಲ. ಬೆದರಿಕೆಗೂ ನಿಯಮವಿತ್ತು.

"ನನ್ನ ಏಳನೆಯ ವಾಸ್ತುಶಿಲ್ಪಿ ಎಲ್ಲಿ?"

"ಯಾರು?"

"ನಿನ್ನ ಬೆನ್ನ ಮೇಲಿನ ಟ್ಯೂಬಿನಲ್ಲಿ ಏನಿದೆ?"

"ಯೋಗಾ ಮ್ಯಾಟ್..."

ಸೈಕಲ್ ಹತ್ತಿ ಹೊರಟೇಬಿಟ್ಟೆ!

ವಿಷಯ ಇಷ್ಟು. ಜನರ ತಾಪತ್ರಯ ಬಿಡಿಸುವುದು ನನ್ನ ಕಸುಬು. ಬೆಳಿಗ್ಗೆ ಇಲ್ಲೇ ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೀನ್‌ನ ಬಾಡಿಗೆ ಮನೆಯಿಂದ ಗೆಳತಿ ಮೈಥಿಲಿ ಅಳುತ್ತಾ ಫೋನ್ ಮಾಡಿದ್ದಳು. ಆ ಮನೆಯ ಮೆಟ್ಟಿಲ ಗೋಡೆಯಲ್ಲಿ ಮಾಲೀಕ ಹೂಕ್‌ಸ್ಟ್ರಾನ ಹನ್ನೆರಡು ಚಿತ್ರಗಳಿದ್ದವು. ತಾಮ್ರದ ತಗಡಲ್ಲಿ ಕೊರೆದು ಕಾಗದಕ್ಕೆ ಅಚ್ಚೊತ್ತಿದ, ಮುನ್ನೂರು ವರ್ಷ ಹಳೆಯ ಡಚ್ ವಾಸ್ತುಶಿಲ್ಪಿಗಳು. ಒಂದಕ್ಕೆ ಊನವಾದರೂ ಮನೆ ಖಾಲಿ ಮಾಡಬೇಕು. ಕರಾರು.

ಹಿಂದಿನ ದಿನ ಆಯುಧಪೂಜೆ. ಮೈಥಿಲಿ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟಳು. ಸೈಕಲ್ಲಿಗೆ, ಮಿಕ್ಸಿಗೆ ಇಟ್ಟಳು. ಏಳನೆಯವನ ಕೈಯಲ್ಲಿ ಕೈವಾರ ಕಂಡಿತು. ಒರೆಸಲೆಂದು ಗಾಜು ತೆಗೆದಿದ್ದಳು...

ಅವನ ಹಣೆಗೂ ಇಟ್ಟಳು!

ಆಮೇಲೆ ಗಾಬರಿಯಾಗಿ ಸ್ಯಾನಿಟೈಸರ್ ಹಾಕಿ ಉಜ್ಜಿದಳು. ಮುಖವೆಲ್ಲ ಕೆಂಪು! ವಾಸ್ತುಶಿಲ್ಪಿ ವೀರಭದ್ರನಾದ.

ನೈಮೆಗನ್‌ನಲ್ಲಿ ಹಳೆಯ ಕಾಗದ ಸರಿಪಡಿಸುವವನೊಬ್ಬನಿದ್ದ. ಚಿತ್ರವನ್ನು ಟ್ಯೂಬಿನಲ್ಲಿ ಸುತ್ತಿಟ್ಟು ಅಲ್ಲಿಗೆ ಹೊರಟಾಗಲೇ ಕೊಡೆ ಎದುರಾದದ್ದು.

ಹಿಂದೆ ಹೂಕ್‌ಸ್ಟ್ರಾನ ಸೈಕಲ್! ಮುಂದೆ ಕೆಂಪು ದೀಪ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಆದರೂ ನಿಂತೆ. ಅವನೂ ನಿಂತ. ಒಂದೂವರೆ ಮೀಟರ್.

"ಸಿಕ್ಕಿಬಿದ್ದೆ!"

"ಮೊದಲು ಹಸಿರಾಗಲಿ."

"ಹೌದು... ಹಸಿರಾಗಲಿ."

ಹಸಿರಾಯಿತು. ತುಳಿದೆ! ನಿಲ್ದಾಣದಲ್ಲಿ ಸೈಕಲ್ ಬಿಸಾಕಿ ಟ್ರಾಮಿಗೆ ಹಾರಿದೆ. ಚಾಲಕ ಕೆಳಗಿಳಿಸಿದ.

ಮಾಸ್ಕ್ ಮರೆತಿದ್ದೆ!

ಕೊಡೆ ನನ್ನನ್ನು ಮನೆಗೆ ವಾಪಸ್ ನಡೆಸಿತು. ಮೆಟ್ಟಿಲ ಬುಡದಲ್ಲಿ ಹೂಕ್‌ಸ್ಟ್ರಾ ಟ್ಯೂಬ್ ಬಿಚ್ಚಿದ. ನೋಡಿದ. ಅವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

"ಸರ್, ಇದು ಪೂಜೆ..." ಮೈಥಿಲಿ ತೊದಲಿದಳು. "ದುಡಿಯೋ ಟೂಲ್ಸ್‌ಗೆಲ್ಲ ವರ್ಷಕ್ಕೊಂದ್ಸಲ ಥ್ಯಾಂಕ್ಸ್ ಹೇಳ್ತೀವಿ. ಇವರ ಕೈಲಿ ಕೈವಾರ ಇತ್ತಲ್ಲ..."

ಹೂಕ್‌ಸ್ಟ್ರಾ ಗೋಡೆಯತ್ತ ತಿರುಗಿದ.

"ಉಳಿದವರ ಕೈಯಲ್ಲಿ?" ಅವನು ಗುಡುಗಿದ. "ಅಳತೆಕೋಲಿದೆ! ಉಳಿಯಿದೆ! ಅವರಿಗೇಕಿಲ್ಲ?"

"ಸರ್?"

"ನನ್ನ ಮನೆಯಲ್ಲಿ ಪಕ್ಷಪಾತ ನಡೆಯುವುದಿಲ್ಲ! ಹನ್ನೊಂದು ಜನಕ್ಕೂ ಇಡಿ. ಇಲ್ಲವೇ ಮನೆ ಖಾಲಿ ಮಾಡಿ!"

ಮೈಥಿಲಿ ಕುಂಕುಮದ ಭರಣಿ ತಂದಳು. ಒಮ್ಮೆ ಕೆಡಿಸಿದವಳು, ಅದನ್ನು ನನ್ನತ್ತ ಚಾಚಿದಳು.

"ಹಿತಾ, ನೀನೇ ಇಟ್ಬಿಡೇ..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಏಪ್ರಿಲ್‌ನಲ್ಲಿ ನನ್ನ ಗಂಡ ತೀರಿಕೊಂಡಿದ್ದ. ವಿಧವೆಯ ಕೈಗೆ ಯಾರೂ ಭರಣಿ ಕೊಡುವುದಿಲ್ಲ.

"ಕೊಡೇ ಇಲ್ಲಿ," ಎಂದೆ. "ಮನೆ ಬೇಕೋ ಬೇಡ್ವೋ?"

ಹನ್ನೊಂದು ಹಣೆ. ಹನ್ನೊಂದು ಬೊಟ್ಟು.

ನನ್ನ ಕೈಗುಣದಿಂದ ಒಬ್ಬನಿಗೂ ಕೆಡುಕಾಗಲಿಲ್ಲ. ಎಲ್ಲರೂ ಮುನ್ನೂರು ವರ್ಷದ ಹಿಂದೆಯೇ ಸತ್ತಿದ್ದರು.