ಹಿಂದಕ್ಕೆ ಜಿಗಿದ ಮರ್ಸಿಡಿಸ್

ಫಸ್ಟ್ ಗೇರ್ ಹಾಕಿದೆ. ಕಾರು ಹಿಂದಕ್ಕೆ ಜಿಗಿಯಿತು.

ಮುಂದೆ ಜೆಸಿಬಿ. ಅದರ ಬಕೆಟ್ಟು ಬಾನೆಟ್ಟಿನ ಮೇಲೆ ಬಾಯಿ ತೆರೆದುಕೊಂಡಿತ್ತು. ಹಿಂದೆ ಅಕ್ಕಿ ಮಿಲ್ಲಿನ ಗೋಡೆ. ಬ್ರೇಕಿನ ಮೇಲೆ ಎದ್ದೇ ನಿಂತೆ.

ಗೋಡೆ ಇನ್ನೊಂದು ಗೇಣಿದೆ ಅನ್ನುವಾಗ ಕಾರು ನಿಂತಿತು.

ಅದೇ ಗೋಡೆ. ಸಾದಿಕ ಸತ್ತ ಗೋಡೆ.

ರಕ್ತ ತೊಳೆದು ಸುಣ್ಣ ಬಳಿದಿದ್ದರು. ಆ ಹೊಸ ಸುಣ್ಣದ ಮೇಲೆ ಯಾರೋ ಆಗಲೇ ಗುಟ್ಕಾ ಉಗುಳಿದ್ದರು.

“ಇಳೀರಿ ಮೇಡಂ,” ಎಂದ ಕನಕರಾಜ. ಮಿಲ್ಲಿನ ಸಾಹುಕಾರ ಕೊಟ್ರಬಸಪ್ಪನ ಬಂಟ. ಕೈಯಲ್ಲಿ ಕಬ್ಬಿಣದ ಹಾರೆ. “ಗಾಡಿ ಗುಜರಿಗೆ ಹೋಗೂದೈತಿ. ನೀವೂ ಅದರ ಜೋಡಿ ಹೋಗಾವ್ರೇನು?”

“ಪೊಲೀಸರು ಜಪ್ತಿ ಮಾಡಿದ ಗಾಡಿ ಇದು.”

“ಠಾಣೇದಾಗ ಜಾಗ ಇಲ್ಲಂತ ಇಲ್ಲೇ ಬಿಟ್ಟು ಹೋಗ್ಯಾರ. ಜಾಗ ನಮ್ದು, ಜೆಸಿಬಿ ನಮ್ದು. ಕೈ ತಪ್ಪಿ ಬಡೀತು ಅಂದ್ರ ಕೇಳಾವ್ರ್ಯಾರು?”

ಬಕೆಟ್ಟು ಮತ್ತಷ್ಟು ಮುಂದೆ ಬಂತು.

ಗೇರ್ ಕೋಲನ್ನು ಎಡಕ್ಕೆ ಒತ್ತಿದೆ. ಮೇಲೆ ತಳ್ಳುವ ಬದಲು ಕೆಳಕ್ಕೆ ಎಳೆದೆ. ಏನಾದರಾಗಲಿ ಅಂತ.

ಕಾರು ಮುಂದಕ್ಕೆ ಹಾರಿತು. ಬಕೆಟ್ಟಿನ ಪಕ್ಕದಿಂದ ನುಗ್ಗಿತು. ಕನಕರಾಜ ಹೊಟ್ಟಿನ ಗುಡ್ಡೆಗೆ ಬಿದ್ದ. ನಾನು ಗೇಟು ದಾಟಿದೆ.

ನನ್ನ ಹೆಸರು ಅನೀಸಾ. ಇನ್ಶೂರೆನ್ಸ್ ಕಂಪನಿಗಳ ಪರವಾಗಿ ಅಪಘಾತಗಳ ಹಿಂದಿನ ನಿಜ ಹುಡುಕುವುದು ನನ್ನ ಕೆಲಸ. ನಿಜ ಸಿಗುತ್ತದೆ... ಜೊತೆಗೆ ಅದರ ವಾಸನೆಯೂ. ಮನೆಗೆ ಹೋಗಿ ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ವಾಸನೆ.

ಕೇಸು ಇಷ್ಟು. ಕೊಟ್ರಬಸಪ್ಪನ ಮಗ ಶರಣಕುಮಾರನ ಮದುವೆ ಗೊತ್ತಾಗಿತ್ತು. ಮದುವೆಗೆ ಮೊದಲಿನ ಫೋಟೋ ಶೂಟಿಗೆ ಹಳೆಯ ವಿದೇಶಿ ಕಾರು ಬೇಕಂತೆ. ಗಂಗಾವತಿಯಲ್ಲಿ ಅಂಥದು ಇರುವುದು ಗ್ಯಾರೇಜಿನ ನಜೀಬನ ಹತ್ತಿರ ಮಾತ್ರ. ಲಂಡನ್ನಿನಿಂದ ವಾಪಸಾದ ಹೈದರಾಬಾದಿನ ಡಾಕ್ಟರೊಬ್ಬರಿಂದ ಕೊಂಡ ಮರ್ಸಿಡಿಸ್.

ಮಿಲ್ಲಿನ ಅಂಗಳದಲ್ಲಿ ಶೂಟಿಂಗ್. ಕಾರು ಮುಂದೆ ಹೋಗಬೇಕು, ಹಿಂದೆ ಗುಲಾಬಿ ಹೊಗೆ ಏಳಬೇಕು. ಹೊಗೆ ಬಿಡಲು ಕೂಲಿ ಹುಡುಗ ಸಾದಿಕನನ್ನು ಕಾರಿಗೂ ಗೋಡೆಗೂ ನಡುವೆ ನಿಲ್ಲಿಸಿದ್ದರು.

ಕಾರು ಹಿಂದೆ ಬಂತು.

ಗುಲಾಬಿ ಹೊಗೆ ತಿಳಿಯಾಗುವಷ್ಟರಲ್ಲಿ ಸಾದಿಕ ಮುಗಿದಿದ್ದ.

ಓಡಿಸಿದ್ದು ನಜೀಬನೇ ಎಂದರು ಎಲ್ಲರೂ. ಶೂಟಿಂಗಿಗೆ ಕಾರನ್ನು ಸರಿಯಾಗಿ ನಿಲ್ಲಿಸಲು ಹೋಗಿ ಗುದ್ದಿದನಂತೆ. ಫೋಟೋಗ್ರಾಫರ್ ಹಾಗೆಂದ. ಹಮಾಲರು ಹಾಗೆಂದರು. ಮದುವೆಯಾಗಲಿರುವ ಹುಡುಗಿಯೂ ಹಾಗೇ ಎಂದು ಹೇಳಿ ತನ್ನೂರಿಗೆ ಹೋದಳು. ಊರು ನಂಬಿತು. ಆ ಕಾರಿನ ಸ್ಟೀರಿಂಗನ್ನು ನಜೀಬ ಹೆಂಡತಿಗೂ ಕೊಟ್ಟವನಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ.

ನಂಬದವಳು ಅವನ ಮಗಳು ಶಬೀನಾ ಒಬ್ಬಳೇ. ಅವಳೇ ಬೆಳಿಗ್ಗೆ ನನ್ನನ್ನು ಲಾಕಪ್ಪಿಗೆ ಕರೆದೊಯ್ದಳು.

“ಯಾರು ಓಡಿಸಿದ್ರು, ನಜೀಬಸಾಬ?”

“ಒನ್ ನೈಂಟಿ ಇ ಅದು, ಮೇಡಂ. ಟೂ ಪಾಯಿಂಟ್ ತ್ರೀ, ಸಿಕ್ಸ್‌ಟೀನ್. ಇಂಜಿನ್ನಿನ ತಲಿ ಇಂಗ್ಲೆಂಡಿನ ಕಾಸ್‌ವರ್ತ್‌ನೋರು ಮಾಡಿದ್ದು. ಎಂಬತ್ಮೂರರಾಗ ಇಟಲಿಯೊಳಗ ಐವತ್ತು ಸಾವಿರ ಕಿಲೋಮೀಟರ್ ಓಡಿಸಿ ರೆಕಾರ್ಡ್ ಮಾಡ್ಯಾರ...”

“ನಾ ಕೇಳಿದ್ದು ಸಾದಿಕನ ಬಗ್ಗೆ.”

“ಮುಂದ ಟೂ ಪಾಯಿಂಟ್ ಫೈವ್ ಬಂತು. ಆಮ್ಯಾಲ ಎವಲ್ಯೂಷನ್, ಹಿಂದ ದೊಡ್ಡ ರೆಕ್ಕಿ ಇದ್ದದ್ದು. ಮಂದಿ ಅದಕ್ಕ ಬಾಯಿ ಬಿಡ್ತಾರ. ಆದ್ರ ಅಸಲಿ ಅಂದ್ರ ಇದ.”

“ಯಾರು ಓಡಿಸಿದ್ರು?”

ಅವನು ಕಂಬಿ ಹಿಡಿದುಕೊಂಡ. “ಗ್ಯಾರೇಜು ಕೊಟ್ರಬಸಪ್ಪನ ಜಾಗದಾಗ ಐತಿ. ಮಗ ಕೀಲಿ ಕೇಳಿದ, ಒಲ್ಲೆ ಅನ್ನಾಕ ಬರಲಿಲ್ಲ. ನಾಳೆ ಕೋರ್ಟಿನ್ಯಾಗ ನಾನ ಓಡಿಸಿದ್ದು ಅಂತ ಒಪ್ಗೊಂಡ್ರ ಗಾಡಿ ಮುಟ್ಟೂದಿಲ್ಲಂತ ಮಾತು ಕೊಟ್ಟಾರ.”

“ಜೈಲಿಗೆ ಹೋಗ್ತೀರಿ.”

“ನಾ ಮುದುಕ ಆಗೀನಿ. ಗಾಡಿ ಇನ್ನೂ ಛಲೋ ಐತಿ.”

ಶಬೀನಾ ಕಂಬಿಯ ಈಚೆ ಅಳುತ್ತಿದ್ದಳು. ಅವಳಿಗೆ ಅಪ್ಪ ಹೇಳಿದ್ದು ಒಂದೇ ಮಾತು... ಗಾಡಿಗೆ ತಾಡಪಾಲು ಸರಿಯಾಗಿ ಹೊಚ್ಚು.

ಇನ್ನೊಂದು ಕೀಲಿ ಅವಳ ಹತ್ತಿರವಿತ್ತು. ಅದನ್ನು ಇಸಿದುಕೊಂಡು ಗಾಡಿ ನೋಡಲು ಮಿಲ್ಲಿಗೆ ಬಂದೆ. ಮುಟ್ಟುವುದಿಲ್ಲ ಎಂದು ಮಾತು ಕೊಟ್ಟ ಸಾಹುಕಾರ ಆಗಲೇ ಜೆಸಿಬಿ ಕಳಿಸಿದ್ದ.

ಈಗ ಕಾಲುವೆಯ ಏರಿಯ ಮೇಲೆ ಹೊರಟಿದ್ದೆ. ಕನ್ನಡಿಯಲ್ಲಿ ಕನಕರಾಜನ ಬೊಲೆರೊ.

ನಾನಿ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಒಂದು ಗಿಳಿಯೊಳಗೆ ಇರುತ್ತಿತ್ತು. ಈ ರಾಕ್ಷಸನ ಜೀವ ನನ್ನ ಎಡಗೈಯ ಕೆಳಗಿತ್ತು. ಬೇರೆ ಗಾಡಿಗಳಲ್ಲಿ ಫಸ್ಟ್ ಇರುವ ಕಡೆ ಈ ಗಾಡಿಯಲ್ಲಿ ರಿವರ್ಸ್. ರೇಸಿನ ಗಾಡಿಗಳ ಲೆಕ್ಕ. ಫಸ್ಟ್ ಕೆಳಗೆ. ಅದನ್ನು ಇಪ್ಪತ್ತು ವರ್ಷ ಓಡಿಸಿದವನ ಕೈ ತಪ್ಪುವುದಿಲ್ಲ. ತಪ್ಪುವುದು ಮೊದಲ ಸಲ ಕೂತವನ ಕೈ.

ನನ್ನದು ತಪ್ಪಿತ್ತಲ್ಲ, ಹಾಗೆ.

ಮುಂದೆ ಭತ್ತ ಕೊಯ್ಯುವ ಮಷಿನ್ನು ಏರಿಯ ತುಂಬ ನಿಂತಿತ್ತು. ಪಕ್ಕದಲ್ಲಿ ಉಳಿದದ್ದು ಒಂದಿಷ್ಟೇ ದಾರಿ. ಆಚೆ ಕಾಲುವೆ ನೀರು.

ಆ ಕಾಲದ ಮರ್ಸಿಡಿಸ್‌ಗಳಲ್ಲಿ ಇದೇ ಸಣ್ಣದು. ಬೇಬಿ ಬೆಂಜ್ ಎನ್ನುತ್ತಿದ್ದರಂತೆ. ಕನ್ನಡಿ ಮಡಚಿ, ಉಸಿರು ಹಿಡಿದು ನುಗ್ಗಿಸಿದೆ. ಎಡಗಡೆಯ ಚಕ್ರ ಅಂಚಿನ ಮಣ್ಣು ಕೆಡವಿತು.

ಕೂಸು ದಾಟಿತು. ಬೊಲೆರೊ ದಾಟಲಿಲ್ಲ.

ಹಿಂದೆ ಕನಕರಾಜ ಮಷಿನ್ನಿನವನ ತಾಯಿಯನ್ನು ಬೈಯುವುದು ದೂರದವರೆಗೂ ಕೇಳಿಸಿತು.

ಹಿಟ್ನಾಳದ ಹತ್ತಿರ ನಿಲ್ಲಿಸಿ ಪಿಎಸ್ಐಗೆ ಫೋನ್ ಮಾಡಿದೆ. ಗೇರಿನ ಕತೆ ಹೇಳಿದೆ.

“ಸಾಕ್ಷಿ ಹೇಳಾವ್ರು ಒಂದು ಹಿಂಡು ಅದಾರ್ರಿ,” ಎಂದ ಬಾಯಲ್ಲಿ ಏನೋ ಅಗಿಯುತ್ತ. “ಗೇರು ಬಂದು ಕೋರ್ಟಿನ್ಯಾಗ ಮಾತಾಡತೈತೇನು?”

ಸತ್ತವನೊಬ್ಬ, ಒಳಗಿದ್ದವನೊಬ್ಬ. ಇವನಿಗೆ ಊಟ ಮುಖ್ಯ.

ಪೊಲೀಸರೇ ಕಂಪನಿಗೆ ಕಳಿಸಿದ್ದ ಫೋಟೋಗಳು ನನ್ನ ಫೋನಿನಲ್ಲಿದ್ದವು. ಮತ್ತೆ ತೆಗೆದು ನೋಡಿದೆ. ಕಾರು ಗೋಡೆಗೆ ಒತ್ತಿ ನಿಂತಿದೆ. ಮೊದಲು ಚಕ್ರಗಳಿದ್ದ ಜಾಗದ ಮುಂದೆ ಹಳದಿ ಚುಕ್ಕಿಗಳು. ಬೆಳಿಗ್ಗೆ ಕಸ ಅಂದುಕೊಂಡಿದ್ದೆ.

ದೊಡ್ಡದು ಮಾಡಿದೆ. ಲಿಂಬೆಹಣ್ಣು. ಚಕ್ರಕ್ಕೊಂದು. ಒಂದೂ ಒಡೆದಿಲ್ಲ.

ಶಬೀನಾಗೆ ಫೋನ್ ಹಚ್ಚಿದೆ. “ನಿಮ್ಮಪ್ಪ ಗಾಡಿ ಗಾಲಿಗೆ ಲಿಂಬಿಹಣ್ಣು ಇಡ್ತಾರೇನು?”

“ಇಲ್ರಿ ಅಕ್ಕಾ. ಗಾಲಿಗೆ ಉಪ್ಪುನೀರು ತಾಗಿದ್ರ ಸೈತ ಬೈತಾರ, ಲಿಂಬಿಹಣ್ಣು ಎಲ್ಲಿಂದ? ಅದು ಕೊಟ್ರಬಸಪ್ಪನ ಮನಿಯಾಕಿ ಶೇಖರಮ್ಮನ ಕೆಲಸ. ಮಗ ಯಾವ ಗಾಡಿ ಹತ್ತಿದ್ರೂ ಆಕಿ ಲಿಂಬಿಹಣ್ಣು ಹಿಡ್ಕೊಂಡು ಓಡಿ ಬರ್ತಾಳ.”

“ಈಗೆಲ್ಲಿ ಅದಾರ?”

“ಮಗನ್ನ ಕರ್ಕೊಂಡು ಹುಲಿಗಿ ಅವ್ವನ ಗುಡಿಗೆ ಹೋಗ್ಯಾರಂತ. ಇವತ್ತು ಮಂಗಳವಾರಲ್ರಿ.”

ಹುಲಿಗಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಶೇಖರಮ್ಮ ಒದ್ದೆ ಸೀರೆಯಲ್ಲಿ ಕೂತಿದ್ದಳು. ಕಣ್ಣು ಊದಿದ್ದವು. ಪಕ್ಕದಲ್ಲಿ ಶರಣಕುಮಾರ ಕಪ್ಪು ಕನ್ನಡಕ ಹಾಕಿ ಫೋನಿನಲ್ಲಿ ತನ್ನದೇ ಫೋಟೋ ನೋಡುತ್ತಿದ್ದ.

“ಅಮ್ಮಾರ, ಲಿಂಬಿಹಣ್ಣು ಒಡೀಲಿಲ್ಲಂತಲ್ರಿ,” ಎಂದೆ.

ಅವಳು ಬೆಚ್ಚಿ ತಿರುಗಿದಳು. “ನಿನಗ್ಯಾರು ಹೇಳಿದ್ರವಾ?”

“ಫೋಟೋದಾಗ ಕಾಣಿಸ್ತಾವ್ರಿ. ಇಟ್ಟಂಗ ಅದಾವ.”

“ಯವ್ವಾ, ಈಕಿ ಜೋಡಿ ಮಾತಾಡಬ್ಯಾಡ,” ಎಂದ ಶರಣಕುಮಾರ.

ಅವಳಿಗೆ ಕೇಳಿಸಲಿಲ್ಲ. ಅವಳ ನೋಟ ಗುಡಿಯ ಕಡೆ ಇತ್ತು. “ಇಷ್ಟು ವರ್ಷ ಇಟ್ಟೀನಿ. ಟ್ರ್ಯಾಕ್ಟರಿಗೆ, ಬುಲೆಟ್ಟಿಗೆ, ಎಲ್ಲಾದಕ್ಕೂ. ಯಾವತ್ತೂ ಚಪ್ ಅಂತ ಒಡೀತಿದ್ವು. ಅವತ್ತ ಗಾಡಿ ಹಿಂದಕ್ಕ ಹೋತು... ಅವ್ವ ಒಲ್ಲೆ ಅಂದ್ಲು. ನನ್ನ ಕೈಯಾನ ಹಣ್ಣು ಒಲ್ಲೆ ಅಂದ್ಲು.”

“ನಜೀಬಸಾಬರ ಸಲುವಾಗಿ ಇಟ್ಟಿದ್ರೇನು?”

“ನಜೀಬಗ ನಾ ಯಾಕ ಇಡ್ಲಿ? ಕುಂತಾಂವ ನನ್ನ ಮಗ.”

ಗಟ್ಟಿಯಾಗಿಯೇ ಹೇಳಿದಳು. ಸುತ್ತ ಉಡಿ ತುಂಬಲು ಬಂದಿದ್ದ ಹೆಂಗಸರು ತಿರುಗಿದರು. ಗಂಡಸರೂ ತಿರುಗಿದರು.

ಶರಣಕುಮಾರ ನನ್ನ ಕುತ್ತಿಗೆಗೆ ಕೈ ಹಾಕಿದ. ಸೆಂಟಿನ ವಾಸನೆ. “ನಾ ಫಸ್ಟ್ ಹಾಕೀನಿ, ತಿಳೀತೇನು? ಫಸ್ಟ್ ಹಾಕಿದ್ರ ಹಿಂದ ಬರೂ ಗಾಡಿ ಯಾವ ಬೋಳಿಮಗ ಮಾಡ್ಯಾನ? ಸತ್ತಾಂವ ಸತ್ತ. ಅವನ ಸಲುವಾಗಿ ನನ್ನ ಮದುವಿ ಮುರೀಬೇಕೇನು?”

“ಇನ್ನೊಮ್ಮೆ ಹೇಳ್ರಿ,” ಎಂದೆ. ಉಸಿರು ಸಿಕ್ಕಷ್ಟರಲ್ಲಿ. “ಹಿಂದಿನ ಸಾಲಿನೋರಿಗೆ ಕೇಳಿಲ್ಲ.”

ಆಗ ಅವನು ಸುತ್ತ ನೋಡಿದ.

ಎಲ್ಲರ ಕೈಯಲ್ಲೂ ಫೋನು. ಶೇಖರಮ್ಮ ಮೆಟ್ಟಿಲ ಮೇಲೆ ಉರುಳಿ ಅಳುತ್ತಿದ್ದಳು, ಅವಳನ್ನು ಹಿಡಿಯಲು ಒಬ್ಬರೂ ಬರಲಿಲ್ಲ. ಒಬ್ಬಾತ “ಸ್ವಲ್ಪ ಈ ಕಡೆ ತಿರುಗ್ರಿ ಅಮ್ಮಾ” ಎಂದ. ಏದುಸಿರು ಬಿಡುತ್ತ ಕನಕರಾಜನೂ ಬಂದ. ಗುಂಪು ನೋಡಿದ. ಹಾರೆಯನ್ನು ಬೆನ್ನಿನ ಹಿಂದೆ ಇಟ್ಟುಕೊಂಡ. ಆಮೇಲೆ ಅವನೂ ಫೋನು ತೆಗೆದ.

ಶರಣಕುಮಾರನ ಕೈ ಬಿಡಿಸಿಕೊಂಡು ಕಾರಿನ ಕಡೆ ನಡೆದೆ.

ನಾನು ಠಾಣೆ ಮುಟ್ಟುವ ಮೊದಲೇ ವಿಡಿಯೋ ಮುಟ್ಟಿತ್ತು. ಪಿಎಸ್ಐ ಕೈ ತೊಳೆದುಕೊಂಡು, ಟೊಪ್ಪಿಗೆ ಹಾಕಿಕೊಂಡು, ಈ ಕೇಸಿನ ಮೇಲೆ ತನಗೆ ಮೊದಲಿನಿಂದಲೂ ಡೌಟಿತ್ತು ಎಂದ. ಹಮಾಲರು ಮಾತು ಬದಲಿಸಿದರು. ಫೋಟೋಗ್ರಾಫರನಿಗೆ, ಅಳಿಸಿಹೋಗಿವೆ ಎಂದಿದ್ದ ಫೋಟೋಗಳು ಮತ್ತೆ ಸಿಕ್ಕವು. ಹೇಸಿಗೆ ಎಂದರೆ ಇದೇ. ನಿಜ ಎಲ್ಲರ ಹತ್ತಿರವೂ ಇತ್ತು, ಕಿಸೆಯಲ್ಲಿ ಚಿಲ್ಲರೆ ಇದ್ದ ಹಾಗೆ.

ಮರುದಿನ ಕೋರ್ಟು ನಜೀಬನನ್ನು ಬಿಟ್ಟಿತು. ಶರಣಕುಮಾರ ಅದೇ ಲಾಕಪ್ಪಿಗೆ ಹೋದ.

ಠಾಣೆಯ ಬೇವಿನ ಮರದ ಕೆಳಗೆ ಕಾರು ನಿಂತಿತ್ತು. ಈಗ ಜಾಗ ಸಿಕ್ಕಿತ್ತು. ಅದರಾಚೆ ಕಟ್ಟೆಯ ಮೇಲೆ ಸಾದಿಕನ ತಾಯಿ ಹಸನಬೀ ಕೂತಿದ್ದಳು. ಮಗನ ಬಟ್ಟೆಯ ಗಂಟು ಇಸಿದುಕೊಳ್ಳಲು ಬಂದಿದ್ದಳು.

ನಜೀಬ ಹೊರಗೆ ಬಂದ. ಶಬೀನಾ ಕೈ ಚಾಚಿದಳು. ಅವನು ಅವಳನ್ನು ದಾಟಿದ. ಹಸನಬೀ ಎದ್ದು ನಿಂತಳು. ಅವಳನ್ನೂ ದಾಟಿದ.

ಕಾರಿನ ಸುತ್ತ ನಿಧಾನವಾಗಿ ನಡೆದ. ಹಿಂದೆ ಬಂದು ಬಗ್ಗಿದ. ಡಿಕ್ಕಿಯ ಮೇಲೆ ಅಂಗೈ ಸವರಿದ. ಬೆರಳುಗಳು ಒಂದು ಕಡೆ ನಿಂತವು. ಮುಖ ಕಪ್ಪಿಟ್ಟಿತು.

“ಮೇಡಂ... ಈ ತೆಗ್ಗು ಮೊದಲ ಇರಲಿಲ್ಲ. ಏನಿದು?”

“ಸಾದಿಕ,” ಎಂದೆ.